ಮನೆಯಲ್ಲಿ ತಾಜಾ ಹಣ್ಣುಗಳ ಮಿಶ್ರ ರಸಾಯನ ಮಾಡುವ ಕ್ರಮ

ಬೆಂಗಳೂರಿನ ಪೂರ್ವಕ್ಕೆ ಕಾಡುಗೋಡಿಯಿಂದ ಮೊದಲ್ಗೊಂಡು ಹೊಸಕೋಟೆ, ಮಾಲೂರು, ದೇವನಹಳ್ಳಿಗಳವರೆಗೆ ಹಬ್ಬಿರುವ ಕೆಮ್ಮಣ್ಣಿನ ಸೀಮೆಯು ಹಣ್ಣಿನ ಬೆಳೆಗೆ ಹೆಸರಾದುದು. ಮಾವು, ಹಲಸು, ಸೀಬೆ, ಸಪೋಟ, ಪರಂಗಿ, ದ್ರಾಕ್ಷಿ, ಚಕ್ಕೋತ ಇವುಗಳಲ್ಲಿ ಒಂದಲ್ಲ ಒಂದು ವರ್ಷದ ಯಾವ ತಿಂಗಳಲ್ಲಿಯೂ ಈ ಭಾಗದಲ್ಲಿ ದೊರೆಯುತ್ತದೆ. ಹೀಗಿದ್ದರೂ ಹಣ್ಣು ಬೆಳೆಯುವ ಮನೆಯಲ್ಲಿಯೇ ಹಣ್ಣು ತಿನ್ನುವುದು ಕಡಿಮೆಯೆಂಬುದು ಗ್ರಾಮಗಳಲ್ಲಿ ಓಡಾಡಿದವರಿಗೆ ತಿಳಿದ ಸಂಗತಿಯೇ ಸರಿ. ಫಸಲು ಕೊಯ್ದಾಗ ಗಾತ್ರ, ಬಣ್ಣ, ಆಕಾರ ನೆಟ್ಟಗಿರುವ ಕಾಯಿಗಳು ಮಂಡಿಗೆ ಹೋಗುತ್ತವೆ. ವ್ಯಾಪಾರಿಯು ಬೇಡವೆಂದು ತಳ್ಳಿದ ಸಣ್ಣ ಕಾಯಿ, ಮಚ್ಚೆ ಬಿದ್ದ ಕಾಯಿ, ದಾರಿಯಲ್ಲಿ ಕೆಡುವಷ್ಟು ಮಾಗಿದ ಹಣ್ಣು ಇವು ಮರದ ಬುಡದಲ್ಲಿಯೇ ಉಳಿದು ಕೊಳೆಯುತ್ತವೆ. ಅದೇ ಮನೆಯ ಮಕ್ಕಳು ಅಂಗಡಿಗೆ ಓಡಿ ಬಣ್ಣದ ಸಿಹಿನೀರಿನ ಶೀಸೆಯನ್ನು ಕೊಂಡು ಕುಡಿಯುತ್ತಾರೆ. ಇದರಿಂದ ಮಕ್ಕಳ ಆರೋಗ್ಯಕ್ಕೂ ನಷ್ಟ, ಮುಂದೆ ತಿಳಿಸುವಂತೆ ಮರದ ಮುಂದಿನ ಫಸಲಿಗೂ ನಷ್ಟ.

ಕಾಡುಗೋಡಿಯ ಸ್ಥಿತಿಯು ಈಚೆಗೆ ಬಹಳ ಬದಲಾಗಿದೆ. ವೈಟ್‌ಫೀಲ್ಡ್ ಎಂಬ ಹೆಸರಿನ ರೈಲ್ವೆ ನಿಲ್ದಾಣವು ಈ ಊರಿನಲ್ಲಿಯೇ ಇರುವುದು ಹಳಬರಿಗೆ ಗೊತ್ತು. 2023ನೆಯ ಮಾರ್ಚಿಯಲ್ಲಿ ಮೆಟ್ರೋ ರೈಲು ಸಹ ಇಲ್ಲಿಗೆ ಬಂದಿತು. ಹೊಲಗಳು ಬಡಾವಣೆಗಳಾದುವು. ಆದರೂ ಹಳೆಯ ಮನೆಗಳ ಹಿತ್ತಿಲಲ್ಲಿ ಒಂದು ಸೀಬೆಯ ಮರ, ಬಚ್ಚಲ ನೀರಿಗೆ ಬೆಳೆದ ಬಾಳೆಯ ಗುಂಪು, ಬೇಲಿಯ ಮೂಲೆಯಲ್ಲಿ ನಿಂಬೆಯ ಗಿಡ ಇನ್ನೂ ಉಳಿದಿರುವುದುಂಟು. ಆದಕಾರಣ ಇಲ್ಲಿ ಹೇಳುವ ವಿಷಯವು ಎಕರೆಗಟ್ಟಲೆ ತೋಟವುಳ್ಳವರಿಗೆ ಮಾತ್ರ ಸಂಬಂಧಿಸಿದುದಲ್ಲ.

ಹಲವು ಬಗೆಯ ಹಣ್ಣುಗಳನ್ನು ಹೆಚ್ಚಿ, ಅವುಗಳ ರಸದಲ್ಲಿಯೇ ನೆನೆಯಿಸಿ, ತಣ್ಣಗೆ ಬಡಿಸುವ ಪದಾರ್ಥಕ್ಕೆ ಪೇಟೆಯಲ್ಲಿ ಹಣ್ಣಿನ ಕಾಕ್‌ಟೇಲ್ ಎನ್ನುತ್ತಾರೆ. ಈ ಹೆಸರನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕಬೇಕಾದುದಿಲ್ಲ. ಮದ್ಯದ ಬೆರಕೆಗೂ ಅದೇ ಹೆಸರಿರುವುದು ನಿಜವಾದರೂ ಇದರಲ್ಲಿ ಮದ್ಯದ ಸೋಂಕು ಲೇಶವೂ ಇಲ್ಲ. ವಾಸ್ತವವಾಗಿ ಇದು ಈ ನಾಡಿಗೆ ಹೊಸದೂ ಅಲ್ಲ. ಶ್ರೀರಾಮನವಮಿಯ ದಿನ ಪಾನಕ ಕೋಸಂಬರಿಗಳ ಜೊತೆಯಲ್ಲಿ ಬಾಳೆಹಣ್ಣಿನ ರಸಾಯನವನ್ನು ಹಂಚುವ ಮನೆಗಳು ಎಷ್ಟೋ ಇವೆ. ಮಾವಿನ ಕಾಲದಲ್ಲಿ ಸೀಕರಣೆ ಮಾಡದ ಮನೆಯಿಲ್ಲ. ಭೇದವಿಷ್ಟೆ: ಸೀಕರಣೆಯಲ್ಲಿ ಹಣ್ಣನ್ನು ಕಿವುಚಿ ಬೆಲ್ಲ, ಹಾಲುಗಳಲ್ಲಿ ಕಲಸುತ್ತಾರೆ, ಇದರಲ್ಲಿ ಒಂದೊಂದು ಹಣ್ಣೂ ತನ್ನ ಆಕಾರ, ಬಣ್ಣ, ರುಚಿಗಳನ್ನು ಉಳಿಸಿಕೊಂಡಿರಬೇಕು. ಅದಕ್ಕಾಗಿ ಕೆಲವು ಕ್ರಮಗಳನ್ನು ಅನುಸರಿಸಬೇಕಾಗುತ್ತದೆ. ಅವು ಕಷ್ಟವಾದುವಲ್ಲ. ಆದರೆ ಅವುಗಳನ್ನು ಬಿಟ್ಟರೆ ಅರ್ಧ ಗಂಟೆಯೊಳಗೆ ಬಟ್ಟಲಿನಲ್ಲಿ ಕಪ್ಪಾದ ಮುದ್ದೆಯೊಂದು ಉಳಿಯುತ್ತದೆ, ಮಕ್ಕಳು ಮುಟ್ಟುವುದಿಲ್ಲ.

ರಾಗಿಯ ಊಟಕ್ಕೂ ಹಣ್ಣಿಗೂ ಇರುವ ಸಂಬಂಧ

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ ಸುಮಾರು 65 ಮಂದಿಯೂ, 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಯೂ ರಕ್ತಹೀನತೆಯುಳ್ಳವರು. ರಾಗಿ, ಅವರೆ, ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ಧಾನ್ಯ ಮತ್ತು ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಊಟದೊಡನೆ ಅಥವಾ ಊಟವಾದೊಡನೆಯೇ ಸಿ ಜೀವಸತ್ವವುಳ್ಳ ಹಣ್ಣನ್ನು ತಿಂದರೆ ಅದೇ ಕಬ್ಬಿಣವು ಹೆಚ್ಚಾಗಿ ಮೈಗೂಡುತ್ತದೆ. ಊಟವಾದೊಡನೆ ಟೀ ಕುಡಿದರೆ ಇದಕ್ಕೆ ವಿರುದ್ಧವಾದ ಫಲ. ಮುದ್ದೆಯ ಊಟದ ಮೇಲೆ ಟೀ ಲೋಟವನ್ನು ಹಿಡಿಯುವ ಅಭ್ಯಾಸವು ಹಳ್ಳಿಗಳಲ್ಲಿ ಬಲವಾಗಿ ಬೇರೂರಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಸಿ ಜೀವಸತ್ವವೆಂದರೆ ಕಿತ್ತಳೆಯೊಂದನ್ನೇ ನೆನೆಯುವವರು ಬಹಳ. ಹಿತ್ತಿಲ ಸೀಬೆಯಲ್ಲಿ ನೂರು ಗ್ರಾಂ ತೂಕಕ್ಕೆ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದ್ದು, ಇದು ಕಿತ್ತಳೆಗಿಂತ ಮೂರು ನಾಲ್ಕು ಪಾಲು ಅಧಿಕ. ಪರಂಗಿ ಮತ್ತು ಮಾವಿನ ಹಳದಿ ಬಣ್ಣವು ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಟ್ಟು ಕಣ್ಣಿಗೆ ಬಲವನ್ನು ಕೊಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯವರು ಒಬ್ಬ ವಯಸ್ಕನಿಗೆ ದಿನಕ್ಕೆ 100 ಗ್ರಾಂ ಹಣ್ಣು ಇರಬೇಕೆಂದು ಹೇಳುತ್ತಾರೆ. ಅದು ಸಾಧಾರಣ ಗಾತ್ರದ ಒಂದು ಸೀಬೆಹಣ್ಣಿನಷ್ಟು ಮಾತ್ರ.

ಹಣ್ಣನ್ನು ಆರಿಸುವುದು

ಇಡೀ ಕೆಲಸದಲ್ಲಿ ಮುಖ್ಯವಾದುದು ಇದೇ. ಸಣ್ಣದು, ಸೊಟ್ಟಗಿರುವುದು, ಸಿಪ್ಪೆಯ ಮೇಲೆ ಗೀರು ಅಥವಾ ಕಜ್ಜಿಯಂಥ ಮಚ್ಚೆಯುಳ್ಳದು ಇವೆಲ್ಲವೂ ಮನೆಯ ಬಳಕೆಗೆ ಚೆನ್ನಾಗಿಯೇ ಇವೆ. ಸಿಪ್ಪೆಯೊಡನೆ ಆ ದೋಷವೂ ಹೋಗುತ್ತದೆ. ಆದರೆ ಮಾರಾಟಕ್ಕೆ ಬಾರದ ಹಣ್ಣೆಲ್ಲವೂ ತಿನ್ನಲು ಯೋಗ್ಯವೆಂದು ತಿಳಿಯಕೂಡದು. ಮೂರು ಬಗೆಯವನ್ನು ತೆಗೆದೇಬಿಡತಕ್ಕದ್ದು.

ಮೊದಲನೆಯದು, ಬಾವಲಿಯಾಗಲಿ ಹಕ್ಕಿಯಾಗಲಿ ಅಳಿಲಾಗಲಿ ಕಚ್ಚಿದ ಹಣ್ಣು. ಅಳಿಲು ತಿಂದ ಹಣ್ಣು ಸಿಹಿ ಹೆಚ್ಚೆಂದು ಮಕ್ಕಳು ಅದನ್ನೇ ಹುಡುಕಿ ತಿನ್ನುವುದುಂಟು. 2018ರಲ್ಲಿ ನೆರೆಯ ಕೇರಳದ ಕೋಳಿಕ್ಕೋಡ್ ಭಾಗದಲ್ಲಿ ನಿಪಾ ಎಂಬ ಮಾರಕ ಜ್ವರವು ತಲೆದೋರಿದ ಬಳಿಕ, ಈ ರೋಗದ ವೈರಾಣುವಿಗೆ ಹಣ್ಣು ತಿನ್ನುವ ಬಾವಲಿಗಳೇ ನೆಲೆಯೆಂಬುದು ಎಲ್ಲರಿಗೂ ತಿಳಿಯಿತು. ಕಚ್ಚಿದ ಭಾಗವನ್ನು ಕೊಯ್ದು ತೆಗೆದರೆ ಸಾಲದು. ಹಣ್ಣನ್ನು ಪೂರ್ತಿಯಾಗಿ ಬಿಡಬೇಕು.

ಎರಡನೆಯದು, ಹಣ್ಣುನೊಣದ ಹುಳುವಿರುವ ಹಣ್ಣು. ಮಾವು, ಸೀಬೆಗಳ ಸಿಪ್ಪೆಯ ಮೇಲೆ ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆ ಕಂಡು, ಅದರ ಸುತ್ತ ಬೆರಳಿಗೆ ಮೆತ್ತಗಾದರೆ ಒಳಗೆ ಹುಳುವಿದೆಯೆಂದು ತಿಳಿಯಬೇಕು. ಮರದ ಕೆಳಗೆ ಉದುರಿ ಬಿದ್ದ ಹಣ್ಣುಗಳಲ್ಲಿ ಇದು ಬಹಳ. ಇಂಥ ಹಣ್ಣನ್ನು ಅಲ್ಲಿಯೇ ಬಿಟ್ಟರೆ ಹುಳುವು ಹೊರಕ್ಕೆ ಬಂದು, ಮಣ್ಣಿಗಿಳಿದು, ಕೋಶವಾಗಿ, ಕೆಲವೇ ದಿನಗಳಲ್ಲಿ ನೊಣವಾಗಿ ಮರಕ್ಕೇರುತ್ತದೆ. ಬುಡದಲ್ಲಿ ಕೊಳೆಯುವ ಹಣ್ಣು ಮುಂದಿನ ಕಾಯಿಗೆ ಶತ್ರುವೆಂದು ಮೇಲೆ ಸೂಚಿಸಿದುದು ಇದೇ ಕಾರಣದಿಂದ. ಆದುದರಿಂದ ಉದುರಿದವನ್ನು ಎರಡು ದಿನಕ್ಕೊಮ್ಮೆಯಾದರೂ ಆಯ್ದು, ಹುಳುಬಿದ್ದುವನ್ನು ಎರಡಡಿ ಆಳದ ಗುಂಡಿಯಲ್ಲಿ ಹೂಳತಕ್ಕದ್ದು. ಒಂದೇ ತೋಟದವರು ಹೀಗೆ ಮಾಡಿ ಪಕ್ಕದವರು ಸುಮ್ಮನಿದ್ದರೆ ಫಲ ಕಡಿಮೆ. ಗ್ರಾಮದ ಮುಖಂಡರು ಎಲ್ಲರಿಂದಲೂ ಒಟ್ಟಿಗೆ ಮಾಡಿಸುವುದು ಯುಕ್ತ.

ಮೂರನೆಯದು, ಬೂಷ್ಟು ಹಿಡಿದ, ಹುಳಿವಾಸನೆ ಬರುವ, ರಸ ಜಿನುಗುವ ಹಣ್ಣು. ಇದಕ್ಕೆ ವಿವರಣೆ ಬೇಕಿಲ್ಲ.

ಕೊಂಡ ಹಣ್ಣಾದರೆ ಇನ್ನೊಂದು ಎಚ್ಚರಿಕೆ. ಕಾಯಿಗಳನ್ನು ಬೇಗ ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡನ್ನು ಉಪಯೋಗಿಸುವುದು ಕಾನೂನಿನಿಂದ ನಿಷಿದ್ಧವಾಗಿದೆ. ಅದರಲ್ಲಿ ಪಾಷಾಣ ಮತ್ತು ರಂಜಕದ ಅಂಶಗಳಿರುತ್ತವೆ. ಹಾಗೆ ಮಾಗಿಸಿದ ಮಾವು ಹೊರಗೆ ಏಕವಾಗಿ ಹಳದಿಯಾಗಿದ್ದು ಒಳಗೆ ಬಿಳಿಚಿಕೊಂಡು ಹುಳಿಯಾಗಿರುವುದುಂಟು, ವಾಸನೆಯೂ ಇರುವುದಿಲ್ಲ. ಮನೆಯ ಕಾಯಿಗಳನ್ನು ಹಿಂದಿನವರಂತೆ ಭತ್ತದ ಹುಲ್ಲಿನಲ್ಲಿ ಅಡೆಹಾಕುವುದೇ ಲೇಸು. ಆತುರವಿದ್ದರೆ ಹುಲ್ಲಿನ ನಡುವೆ ಚೆನ್ನಾಗಿ ಮಾಗಿದ ನಾಲ್ಕು ಬಾಳೆಹಣ್ಣುಗಳನ್ನು ಇಟ್ಟರೆ ಅವುಗಳಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಮಿಕ್ಕ ಕಾಯಿಗಳನ್ನು ಎರಡು ಮೂರು ದಿನ ಮುಂಚಿತವಾಗಿಯೇ ಹಣ್ಣು ಮಾಡುತ್ತದೆ. ಸರ್ಕಾರವು ವ್ಯಾಪಾರಿಗಳಿಗೆ ಅನುಮತಿಸಿರುವುದೂ ಇದೇ ಅನಿಲವನ್ನೇ.

ಯಾವ ಹಣ್ಣು ಹೇಗೆ

ಸೀಬೆಯು ಹಣ್ಣಾಗಿದ್ದರೂ ಗಟ್ಟಿಯಾಗಿರುವಾಗಲೇ ಹೆಚ್ಚತಕ್ಕದ್ದು. ನಡುವಿನ ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆದರೆ ಮುದುಕರೂ ಸುಲಭವಾಗಿ ತಿನ್ನಬಲ್ಲರು. ಕೆರೆದ ತಿರುಳನ್ನು ಎಸೆಯದೆ ಜರಡಿಯಲ್ಲಿ ಉಜ್ಜಿ ಬೀಜ ಬೇರ್ಪಡಿಸಿ ರಸಕ್ಕೆ ಸೇರಿಸಬಹುದು. ಇದರಿಂದ ರಸಾಯನಕ್ಕೆ ಮಂದತೆಯೂ ಪರಿಮಳವೂ ಬರುತ್ತವೆ. ಸಿಪ್ಪೆಯಲ್ಲಿಯೇ ಸಿ ಜೀವಸತ್ವವು ಹೆಚ್ಚಾಗಿರುವುದರಿಂದ ಸೀಬೆಯ ಸಿಪ್ಪೆಯನ್ನು ಸುಲಿಯಕೂಡದು.

ಪರಂಗಿಯು ಮುಕ್ಕಾಲು ಭಾಗ ಹಳದಿಗೆ ತಿರುಗಿ, ಬೆರಳಿನಿಂದ ಒತ್ತಿದರೆ ಸ್ವಲ್ಪವೇ ತಗ್ಗುವಂತಿರಬೇಕು. ಪೂರ್ತಿ ಮೆತ್ತಗಾದ ಪರಂಗಿಯು ಬಟ್ಟಲಿನಲ್ಲಿ ಕರಗಿ ಎಲ್ಲವನ್ನೂ ಕೆಡಿಸುತ್ತದೆ.

ಬೆಂಗಳೂರು ನೀಲಿ ದ್ರಾಕ್ಷಿಯು ಈ ಸೀಮೆಯದೇ ಆದ ಬೆಳೆ. ಒಂದೂವರೆ ಶತಮಾನದಿಂದ ಇಲ್ಲಿ ಬೇರೂರಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ವರ್ಷಕ್ಕೆ ಎರಡು ಫಸಲು ಕೊಡುವುದು ಇದರ ಹೆಚ್ಚಳ. 1959ರಲ್ಲಿ ದ್ರಾಕ್ಷಿ ಬೆಳೆಗಾರರು ಸೇರಿ ಕಟ್ಟಿದ ಸಹಕಾರ ಸಂಘವೇ ಮುಂದೆ ಬೆಳೆದು ಹಾಪ್‌ಕಾಮ್ಸ್ ಎಂದು ಹೆಸರಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಈ ದ್ರಾಕ್ಷಿಯ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಸಿಪ್ಪೆ ದಪ್ಪ, ಬೀಜವೂ ಉಂಟು. ಆದಕಾರಣ ಅರ್ಧದಷ್ಟನ್ನು ಉದ್ದಕ್ಕೆ ಸೀಳಿ ಬೀಜ ತೆಗೆದು ಹೋಳುಗಳಾಗಿಯೂ, ಉಳಿದರ್ಧವನ್ನು ಕಿವುಚಿ ಶೋಧಿಸಿ ರಸವಾಗಿಯೂ ಬಳಸುವುದು ಉತ್ತಮ. ರಸವು ಇಡೀ ಬಟ್ಟಲಿಗೆ ಮಾಣಿಕ್ಯದ ಬಣ್ಣವನ್ನು ಕೊಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿಯನ್ನು ಎಂದಿಗೂ ಕೊಡಬಾರದು. ಅದು ಗಂಟಲಿನಲ್ಲಿ ಸಿಕ್ಕಿ ಉಸಿರುಕಟ್ಟಿಸಬಲ್ಲದು.

ದ್ರಾಕ್ಷಿಯ ತೋಟಗಳಲ್ಲಿ ಔಷಧಿ ಸಿಂಪಡಿಸುವುದು ಅನಿವಾರ್ಯ. ಔಷಧಿಯ ಡಬ್ಬಿಯ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಮಂಡಿಗೆ ಕಳುಹಿಸುವ ಹಣ್ಣಿಗೆ ಈ ನಿಯಮವನ್ನು ಪಾಲಿಸಿ, ಮನೆಗೆ ಮಾತ್ರ ನೆನ್ನೆ ಸಿಂಪಡಿಸಿದ ಗೊಂಚಲನ್ನು ತರುವುದು ಎಷ್ಟೋ ಕಡೆ ನಡೆಯುತ್ತದೆ. ತೊಳೆದರೆ ಮೇಲಿನ ಔಷಧಿಯು ಬಹುಮಟ್ಟಿಗೆ ಹೋದೀತು. ಒಳಕ್ಕೆ ಇಳಿದ ಔಷಧಿಯು ಯಾವ ತೊಳೆತಕ್ಕೂ ಬಗ್ಗುವುದಿಲ್ಲ.

ಮಾವಿನಲ್ಲಿ ತೋತಾಪುರಿ, ಬಾದಾಮಿ, ಮಲ್ಲಿಕಾಗಳು ಹೋಳು ಮಾಡಲು ತಕ್ಕವು. ರಸಪುರಿಯು ಹೆಸರಿಗೆ ತಕ್ಕಂತೆ ರಸವೇ ಹೆಚ್ಚಾಗಿರುವುದು. ಅದನ್ನು ಹಿಂಡಿ ಮೇಲಿನ ರಸವಾಗಿ ಬಳಸುವುದು ಲೇಸು. ಮಾವಿನ ತೊಟ್ಟನ್ನು ಮುರಿದು, ಸೊನೆಯು ಪೂರ್ತಿ ಇಳಿದುಹೋಗುವಂತೆ ತೊಳೆದ ಮೇಲೆಯೇ ಕೊಯ್ಯಬೇಕು. ಇಲ್ಲವಾದರೆ ಬಾಯಿಯ ಸುತ್ತ ಹುಣ್ಣಾಗುವುದುಂಟು.

ಹಲಸಿನ ತೊಳೆ ಬಕ್ಕೆಯ ಜಾತಿಯದಾಗಿರಬೇಕು; ಅಂಬಲಿ ಹಲಸು ಇದಕ್ಕೆ ಸಲ್ಲದು. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಹಲಸಿನ ವಾಸನೆಯು ಮಿಕ್ಕೆಲ್ಲವನ್ನೂ ಆಳುವುದರಿಂದ ಆರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಹಾಕಬಾರದು. ದೇವನಹಳ್ಳಿಯ ಚಕ್ಕೋತವಿದ್ದರೆ ಅದರ ತೊಳೆಗಳ ಮೇಲಿನ ಕಹಿ ಪೊರೆಯನ್ನು ಬಿಡಿಸಿ ಎಳೆಗಳನ್ನು ಮಾತ್ರ ಸೇರಿಸಬೇಕು. ಬಾಳೆಯಲ್ಲಿ ಏಲಕ್ಕಿ ಬಾಳೆಯೇ ಸರಿ. ಪಚ್ಚಬಾಳೆ ಬೇಗ ಕರಗುತ್ತದೆ. ನಂಜನಗೂಡು ರಸಬಾಳೆ ಸಿಕ್ಕಿದವರು ಅದನ್ನು ಹಾಗೆಯೇ ತಿನ್ನಲಿ, ಬೆರಸುವುದು ವ್ಯರ್ಥ.

ಸೇಬಿಲ್ಲದೆ ಇಂಥ ರಸಾಯನವು ಆಗುವುದೇ ಇಲ್ಲವೆಂಬುದು ಪೇಟೆಯವರ ಒಂದು ನಂಬಿಕೆ. ದೂರದ ಹಿಮಾಲಯದ ತಪ್ಪಲಿನಿಂದ ಬಂದು ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದ ಸೇಬನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಅಗತ್ಯವು ಸೀಬೆಯ ಮರವಿರುವವನಿಗೆ ಏನೂ ಇಲ್ಲ.

ನೀರು, ಪಾತ್ರೆ, ಚಾಕು

ಹಣ್ಣನ್ನು ಹೆಚ್ಚುವ ಮೊದಲು ತೊಳೆಯಬೇಕೇ ಹೊರತು ಹೆಚ್ಚಿದ ಮೇಲಲ್ಲ. ಸುಲಿದು ಬಿಸುಡುವ ಸಿಪ್ಪೆಯ ಹಣ್ಣನ್ನೂ ತೊಳೆಯತಕ್ಕದ್ದು. ಏಕೆಂದರೆ ಚಾಕುವು ಸಿಪ್ಪೆಯ ಮೇಲಿನ ಕೊಳೆಯನ್ನು ತಿರುಳಿಗೆ ಒಯ್ಯುತ್ತದೆ. ನೀರು ಕುಡಿಯಲು ಯೋಗ್ಯವಾದುದಾಗಿರಬೇಕು. ವರ್ತೂರು ಕೆರೆಯ ಮೇಲೆ ಬೆಟ್ಟದಂತೆ ನೊರೆಯೆದ್ದುದನ್ನು ಕಂಡಿರುವ ಈ ಭಾಗದವರಿಗೆ ಕೆರೆಯ ನೀರಿನ ವಿಷಯವಾಗಿ ಬೇರೆ ಹೇಳಬೇಕಾದುದಿಲ್ಲ. ಕೊಳವೆ ಬಾವಿಯ ನೀರನ್ನು ಸಹ ಕುದಿಸಿ ಆರಿಸಿ ಬಳಸುವುದು ಕ್ಷೇಮ.

ಹುಳಿಯುಳ್ಳ ಹಣ್ಣುಗಳನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಲೇಬಾರದು; ಹುಳಿಯಿಂದ ತಾಮ್ರವು ಕರಗಿ ವಾಂತಿಯನ್ನು ಉಂಟುಮಾಡುತ್ತದೆ. ಸ್ಟೀಲು, ಗಾಜು, ಪಿಂಗಾಣಿಯ ಪಾತ್ರೆಗಳು ಆಗಬಹುದು. ಕಬ್ಬಿಣದ ಈಳಿಗೆಮಣೆಯಿಂದ ಹೆಚ್ಚಿದ ಹಣ್ಣು ಬೇಗ ಕಪ್ಪಾಗುವುದನ್ನು ಗೃಹಿಣಿಯರು ಬಲ್ಲರು. ಹಣ್ಣಿನ ಒಗರು ಕಬ್ಬಿಣದೊಡನೆ ಸೇರಿ ಮಸಿಯಂತಾಗುವುದೇ ಕಾರಣ. ಸ್ಟೀಲಿನ ಚಾಕುವೇ ಉತ್ತಮ. ಮಾಂಸ, ಈರುಳ್ಳಿಗಳನ್ನು ಹೆಚ್ಚಿದ ಮಣೆಯನ್ನು ಇದಕ್ಕೆ ಉಪಯೋಗಿಸಕೂಡದು.

ಮಾಡುವ ಕ್ರಮ

ಹತ್ತು ಮಂದಿಗೆ ಒಂದೊಂದು ತುಂಬಿದ ಬಟ್ಟಲಿನಷ್ಟು ಆಗಬೇಕಾದರೆ ಸಿಪ್ಪೆ ಬೀಜ ತೆಗೆದ ಪರಂಗಿ 500 ಗ್ರಾಂ, ಸೀಬೆ 4, ದ್ರಾಕ್ಷಿ 250 ಗ್ರಾಂ, ಮೂಸಂಬಿ 4, ದಾಳಿಂಬೆ 1, ಸಪೋಟ 3, ಏಲಕ್ಕಿ ಬಾಳೆ 6, ನಿಂಬೆ 1 ಇವಿಷ್ಟು ಬೇಕು. ಸಕ್ಕರೆ ಎರಡು ದೊಡ್ಡ ಚಮಚ ಸಾಕು. ಚಿಟಿಕೆ ಉಪ್ಪು, ಎರಡು ಏಲಕ್ಕಿ. ಮಾವಿನ ಕಾಲದಲ್ಲಿ ಪರಂಗಿಯ ಬದಲು ಮಾವನ್ನೂ, ಸೀತಾಫಲದ ಕಾಲದಲ್ಲಿ ಸಪೋಟದ ಬದಲು ಅದರ ತಿರುಳನ್ನೂ ಸೇರಿಸಬಹುದು. ಈ ಅಳತೆಗೆ ಅಂಟಿಕೊಳ್ಳಬೇಕಾದುದಿಲ್ಲ. ಒಂದು ಹುಳಿ, ಒಂದು ಗಟ್ಟಿ, ಒಂದು ಮೆದು, ಒಂದು ಪರಿಮಳದ್ದು ಇರುವಂತೆ ನೋಡಿಕೊಂಡರೆ ಮೂರು ನಾಲ್ಕು ಹಣ್ಣುಗಳಿಂದಲೂ ಒಳ್ಳೆಯ ರಸಾಯನವಾಗುತ್ತದೆ.

ಎಲ್ಲರೂ ಮಾಡುವ ತಪ್ಪೆಂದರೆ ಹಣ್ಣುಗಳನ್ನೆಲ್ಲ ಮೊದಲು ಹೆಚ್ಚಿ ರಾಶಿಮಾಡಿ, ಕೊನೆಗೆ ನಿಂಬೆಯನ್ನು ಹಿಂಡುವುದು. ಇದು ತಲೆಕೆಳಗಾದ ಕ್ರಮ. ಹೆಚ್ಚಿದ ಹಣ್ಣು ಗಾಳಿಗೆ ಒಡ್ಡಿದೊಡನೆ ಕಂದುತ್ತದೆ. ಹುಳಿಯು ಅದನ್ನು ತಡೆಯುತ್ತದೆ. ಆದುದರಿಂದ ಹುಳಿರಸವು ಪಾತ್ರೆಯಲ್ಲಿ ಮೊದಲೇ ಸಿದ್ಧವಾಗಿ ಕಾದಿರಬೇಕು.

ದೊಡ್ಡ ಪಾತ್ರೆಯಲ್ಲಿ ಎರಡು ಮೂಸಂಬಿಯ ರಸ, ನಿಂಬೆಯ ರಸ, ಶೋಧಿಸಿದ ದ್ರಾಕ್ಷಿಯ ರಸಗಳನ್ನು ಹಾಕಿ, ಸಕ್ಕರೆ ಮತ್ತು ಉಪ್ಪನ್ನು ಕರಗಿಸಬೇಕು. ಬಳಿಕ ಸೀಬೆಯನ್ನು ಅರ್ಧ ಅಂಗುಲದ ಹೋಳುಗಳಾಗಿ ಹೆಚ್ಚುತ್ತ, ಹೆಚ್ಚಿದುದನ್ನು ಹೆಚ್ಚಿದಂತೆಯೇ ಈ ರಸದಲ್ಲಿ ಮುಳುಗಿಸುತ್ತ ಹೋಗಬೇಕು. ಅನಂತರ ದ್ರಾಕ್ಷಿಯ ಹೋಳು, ಮೂಸಂಬಿಯ ತೊಳೆ, ಅವುಗಳ ಮೇಲೆ ಪರಂಗಿ. ಪಾತ್ರೆಯನ್ನು ಮುಚ್ಚಿ ಶೈತ್ಯಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಡಬೇಕು. ಅದಿಲ್ಲದ ಮನೆಯಲ್ಲಿ ನೀರು ತುಂಬಿದ ಅಗಲವಾದ ಮಣ್ಣಿನ ಪಾತ್ರೆಯೊಳಗೆ ಇದನ್ನು ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಹೊದಿಸಿದರೂ ತಂಪಾಗುತ್ತದೆ. ಈ ಅರ್ಧ ಗಂಟೆಯಲ್ಲಿ ಸಕ್ಕರೆಯು ಹಣ್ಣುಗಳೊಳಗಿನ ರಸವನ್ನು ಹೊರಕ್ಕೆಳೆಯುವುದರಿಂದ ಪಾತ್ರೆಯಲ್ಲಿ ರಸವು ತಾನಾಗಿಯೇ ಹೆಚ್ಚುತ್ತದೆ. ಹೊರಗಿನಿಂದ ಒಂದು ತೊಟ್ಟು ನೀರನ್ನೂ ಹಾಕಬೇಕಾಗುವುದಿಲ್ಲ, ಹಾಕಲೂಬಾರದು.

ಬಾಳೆ, ಸಪೋಟ, ದಾಳಿಂಬೆಗಳು ಬಡಿಸುವ ಹೊತ್ತಿಗೆ ಬರತಕ್ಕವು. ಮೊದಲೇ ಹಾಕಿದರೆ ಬಾಳೆಯು ಲೋಳೆಯಾಗುತ್ತದೆ, ದಾಳಿಂಬೆಯ ಹೊಳಪು ಹೋಗುತ್ತದೆ. ಏಲಕ್ಕಿಯ ಪುಡಿಯನ್ನು ಉದುರಿಸಿ, ಮರದ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ಮಾತ್ರ ತಿರುವಬೇಕು. ಕಲಸಿದರೆ ಸೀಕರಣೆಯಾದೀತು.

ಬೆಲ್ಲವನ್ನು ಮೆಚ್ಚುವವರು ಸಕ್ಕರೆಯ ಬದಲು ಅದನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಶೋಧಿಸಿ, ಪೂರ್ತಿ ಆರಿದ ಮೇಲೆ ಸೇರಿಸಬಹುದು. ಬಣ್ಣ ಮಾತ್ರ ಮಾಸುತ್ತದೆ. ಜೇನೂ ಒಳ್ಳೆಯದೇ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸುವ ಪದ್ಧತಿಯನ್ನು ಬಿಡಬೇಕೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಸೇರಿಸುವ ಮೊದಲೇ ಸೀಬೆ, ಪರಂಗಿಗಳ ಸಣ್ಣ ಪಾಲನ್ನು ಬೇರೆ ತೆಗೆದಿಟ್ಟರೆ ಅವರು ಮನೆಯವರ ಜೊತೆಯಲ್ಲಿ ಕುಳಿತು ತಿನ್ನಬಹುದು. ಅವರಿಗೂ ಮೂತ್ರಪಿಂಡದ ರೋಗವುಳ್ಳವರಿಗೂ ಎಷ್ಟು ಹಣ್ಣು ತಕ್ಕುದೆಂಬುದನ್ನು ವೈದ್ಯರೇ ಹೇಳಬೇಕು.

ಅನಾನಸನ್ನು ಸೇರಿಸುವವರು ಒಂದನ್ನು ತಿಳಿದಿರಬೇಕು. ಹಸಿಯ ಅನಾನಸಿನಲ್ಲಿ ಹಾಲು ಮೊಸರುಗಳ ಸಾರವನ್ನು ಒಡೆಯುವ ಕಿಣ್ವವೊಂದಿದೆ. ಅದನ್ನು ಹಾಕಿದ ರಸಾಯನಕ್ಕೆ ಕೆನೆಯನ್ನೋ ಮೊಸರನ್ನೋ ಬೆರಸಿದರೆ ಸ್ವಲ್ಪ ಹೊತ್ತಿನಲ್ಲಿ ಕಹಿಯಾಗುತ್ತದೆ. ಹೋಳುಗಳನ್ನು ಐದು ನಿಮಿಷ ಬೇಯಿಸಿ ಆರಿಸಿದರೆ ಈ ತೊಂದರೆಯಿಲ್ಲ.

ಹೆಚ್ಚಿದ ಹಣ್ಣನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚಾಗಿ, ಬೇಸಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚಾಗಿ ಇಡಬಾರದು. ಶೈತ್ಯಪೆಟ್ಟಿಗೆಯಲ್ಲಿಯೂ ಮರುದಿನದವರೆಗೆ ಮಾತ್ರ. ದೇವರಿಗೆ ನೈವೇದ್ಯವಿಡುವ ಮನೆಗಳಲ್ಲಿ ಪೂಜೆಯು ತಡವಾಗುವಂತಿದ್ದರೆ ಪೂಜೆಯ ಕೊನೆಗೆ ಹೆಚ್ಚುವುದು ಒಳ್ಳೆಯದು. ಬೀದಿಯಲ್ಲಿ ಕೊಯ್ದು ತೆರೆದಿಟ್ಟ ಹಣ್ಣಿನ ತಟ್ಟೆಯಿಂದಲೂ, ಎಲ್ಲಿಯ ನೀರಿನದೋ ತಿಳಿಯದ ಮಂಜುಗಡ್ಡೆಯಿಂದಲೂ ವಿಷಮಶೀತಜ್ವರ, ವಾಂತಿಭೇದಿಗಳು ಹರಡುವುವು. ಮನೆಯಲ್ಲಿ ಮಾಡುವುದರ ದೊಡ್ಡ ಲಾಭವೇ ಈ ಭಯದಿಂದ ತಪ್ಪಿಸಿಕೊಳ್ಳುವುದು. ಮನೆಯಲ್ಲಿ ಮಾಡಿ ಅಂಗಡಿಯ ಮಂಜುಗಡ್ಡೆಯನ್ನು ಹಾಕಿದರೆ ಆ ಲಾಭವೂ ಹೋಯಿತು.

ಶಾಲೆ ಮತ್ತು ಜಾತ್ರೆಗಳಲ್ಲಿ

ಫಸಲಿನ ಕಾಲದಲ್ಲಿ ಗ್ರಾಮದ ಮುಖಂಡರು ಮನಸ್ಸು ಮಾಡಿದರೆ ಶಾಲೆಯ ಮಕ್ಕಳಿಗೆ ವಾರಕ್ಕೊಂದು ದಿನ ಇದನ್ನು ಮಾಡಿಸಿ ಹಂಚುವುದು ಕಷ್ಟವಲ್ಲ. ನೂರು ಮಕ್ಕಳಿಗೆ ತಲಾ 100 ಗ್ರಾಮಿನಂತೆ 10 ಕಿಲೋ ಹೋಳುಗಳು ಬೇಕು. ಸಿಪ್ಪೆ ಬೀಜಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೋಗುವುದರಿಂದ 14–15 ಕಿಲೋ ಹಣ್ಣನ್ನು ಕೂಡಿಸಬೇಕಾಗುತ್ತದೆ. ಹತ್ತು ಹದಿನೈದು ಮನೆಗಳಿಂದ ಒಂದೊಂದು ಕಿಲೋ ಬಂದರೆ ಆಯಿತು. ಅದೂ ಮಂಡಿಯವರು ತಳ್ಳಿದ ಸಣ್ಣ ಕಾಯಿಗಳೇ. ಕಾಣಿಕೆಯಾಗಿ ಬಂದ ಹಣ್ಣನ್ನು ಒಳ್ಳೆಯದು ಕೆಟ್ಟದೆಂದು ವಿಂಗಡಿಸಲು ದಾಕ್ಷಿಣ್ಯ ಪಡುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಹೆಚ್ಚುವವರ ಕೈಯಲ್ಲಿ ಗಾಯ, ಕುರು ಇರಬಾರದು, ಭೇದಿಯಾಗುತ್ತಿರುವವರು ದೂರವಿರಬೇಕು, ಎಲ್ಲರೂ ಸಾಬೂನಿನಿಂದ ಕೈ ತೊಳೆದಿರಬೇಕು. ಊಟದ ಗಂಟೆಗೆ ಒಂದು ಗಂಟೆ ಮುಂಚೆ ಆರಂಭಿಸಿ, ಊಟದೊಡನೆಯೇ ಬಡಿಸಿ ಮುಗಿಸತಕ್ಕದ್ದು. ಉಳಿದುದನ್ನು ಮನೆಗೆ ಕಟ್ಟಿಕೊಡಬಾರದು. ಜಾತ್ರೆಯ ಜನಸಂದಣಿಯಲ್ಲಿ ಇಷ್ಟು ಶುಚಿಯು ಸಾಧ್ಯವಿಲ್ಲವಾದರೆ ಸುಲಿಯುವ ಬಾಳೆಹಣ್ಣನ್ನು ಇಡಿಯಾಗಿ ಹಂಚುವುದೇ ಕ್ಷೇಮ.

ಹಿತ್ತಿಲಲ್ಲಿ ನೆಡತಕ್ಕವು

ಹಿತ್ತಿಲಲ್ಲಿ ಸ್ವಲ್ಪ ಸ್ಥಳವಿರುವವನು ಒಂದು ಸೀಬೆ, ಒಂದು ನಿಂಬೆ, ಎರಡು ಪರಂಗಿ, ಬಚ್ಚಲ ನೀರಿಗೆ ಒಂದು ಬಾಳೆಯ ಗುಂಪು ಇಷ್ಟನ್ನು ಇಟ್ಟುಕೊಂಡರೆ ರಸಾಯನದ ಮುಖ್ಯ ಪದಾರ್ಥಗಳೆಲ್ಲವೂ ಮನೆಯಲ್ಲಿಯೇ ಆದುವು. ಪರಂಗಿಯು ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಫಲ ಕೊಡುತ್ತದೆ. ಹಿಂದಿನ ನಾಟಿ ಪರಂಗಿಯಲ್ಲಿ ಅರ್ಧದಷ್ಟು ಗಿಡಗಳು ಗಂಡಾಗಿ, ಕಾಯಿ ಬಿಡದೆ ರೈತನನ್ನು ನಿರಾಶೆಗೊಳಿಸುತ್ತಿದ್ದುವು. ಕೂರ್ಗ್ ಹನಿಡ್ಯೂ ತಳಿಯಲ್ಲಿಯೂ, 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಸೂರ್ಯ ತಳಿಯಲ್ಲಿಯೂ ಈ ದೋಷವಿಲ್ಲ. ಎಲ್ಲ ಗಿಡಗಳೂ ಕಾಯಿ ಬಿಡುತ್ತವೆ. ಪರಂಗಿಯ ಬುಡದಲ್ಲಿ ಒಂದು ದಿನ ನೀರು ನಿಂತರೂ ಬೇರು ಕೊಳೆಯುವುದರಿಂದ ದಿಣ್ಣೆಯ ಮೇಲೆ ನೆಡತಕ್ಕದ್ದು. ಎಲೆಗಳು ಮುರುಟಿ, ಕಾಯಿಯ ಮೇಲೆ ಉಂಗುರದಂಥ ಗುರುತುಗಳು ಕಂಡರೆ ಅದು ವೈರಾಣುವಿನ ರೋಗ. ಅದಕ್ಕೆ ಔಷಧಿಯಿಲ್ಲ, ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ಸೌತೆ, ಕುಂಬಳಗಳ ಬಳ್ಳಿಯನ್ನು ಪರಂಗಿಯ ಸಮೀಪದಲ್ಲಿ ಹಬ್ಬಿಸಬಾರದು. ಸೀಬೆಯಲ್ಲಿ ಅದೇ ಸಂಸ್ಥೆಯವರ ಅರ್ಕ ಕಿರಣವು ಕೆಂಪು ತಿರುಳಿನದಾಗಿದ್ದು ಬಟ್ಟಲಿನಲ್ಲಿ ನೋಡಲು ಅಂದವಾಗಿರುತ್ತದೆ. ರುಚಿಯಲ್ಲಿ ಹಳೆಯ ಬಿಳಿ ಸೀಬೆಯೇ ಮೇಲೆನ್ನುವವರೂ ಇದ್ದಾರೆ.

ಸಿಪ್ಪೆ, ತಿರುಳು, ದಿಂಡುಗಳನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚತಕ್ಕದ್ದು. ತೆರೆದಿಟ್ಟರೆ ನೊಣ ಮುತ್ತುತ್ತದೆ. ಹಲಸಿನ ಬೀಜವನ್ನು ಮಾತ್ರ ಗುಂಡಿಗೆ ಹಾಕಕೂಡದು. ಅದನ್ನು ತೊಳೆದು ನೆರಳಿನಲ್ಲಿ ಆರಿಸಿ, ಕೆಮ್ಮಣ್ಣು ಬಳಿದು ಗಡಿಗೆಯಲ್ಲಿಟ್ಟರೆ ಮಳೆಗಾಲದಲ್ಲಿ ತರಕಾರಿ ಸಿಕ್ಕದ ದಿನಗಳ ಹುಳಿಗೆ ಒದಗುತ್ತದೆ.